ಮೀನಿನ ಪೈಯ ಬಾಯಮ್ಮ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಹುಟ್ಟಿದ್ದು ಮಾತ್ರ ಅಲ್ಲ, ಇವತ್ತು ಮಧ್ಯಾಹ್ನ ಆಸ್ಪತ್ರೆಯಿಂದ ಮನೆಗೂ ಬಂದಾಯಿತು. ತಲೆ ತುಂಬ ಕಪ್ಪು ಕೂದಲು. ಮೂಗು ನನ್ನ ಗಂಡನದ್ದು, ಅದೊಂದು ಬೇಡವಾಗಿತ್ತು, ಇರಲಿ. ರಸ್ತೆಯಲ್ಲಿ ಮಟಾಟು ವ್ಯಾನುಗಳು ಎಷ್ಟು ಹಾರನ್ನು ಹೊಡೆದರೂ ಏಳುವುದಿಲ್ಲ. ಆದರೆ ಹಸಿವಾದರೆ ಇವಳು ಹೊಡೆಯುವ ಹಾರನ್ನಿಗೆ ಕೆಳಗಿನ ಬಟ್ಟೆ ಅಂಗಡಿಯವರು ತಲೆ ಎತ್ತಿ ನೋಡುತ್ತಾರೆ. ನೋಡಲಿ. ನಾನು ಕಿಟಕಿ ಮುಚ್ಚುವುದಿಲ್ಲ.

ಇನ್ನೊಂದು ವಿಷಯವನ್ನೂ ಈಗಲೇ ಹೇಳಿಬಿಡುತ್ತೇನೆ. ಏಳನೇ ತಿಂಗಳಲ್ಲಿ ನನ್ನ ಸೊಸೆಯ ತಲೆಗೆ ಮೊದಲ ಹೂ ಮುಡಿಸಿದ್ದು ನಾನು. ಗಂಡ ಸತ್ತ ಹೆಂಗಸು ನಾನು. ಹತ್ತು ಜನರ ಎದುರು ಮುಡಿಸಿದೆ. ಅದು ಯಾಕೆ ಹಾಗೆ ಅಂತ ಹೇಳಬೇಕಾದರೆ ನಮ್ಮ ಮೇಲಿನ ಮನೆಯಲ್ಲಿದ್ದ ಒಬ್ಬರ ಬಗ್ಗೆ ಹೇಳಬೇಕು.

ನಾನು ಕಲಿತದ್ದು ಊರಿನ ಇಗರ್ಜಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ. ಮನೆಯಲ್ಲಿ ಆಡುವುದು ಕೊಂಕಣಿ. ನೈರೋಬಿಯ ಪೇಟೆಯಲ್ಲಿ ಆಡುವುದು ಮುರುಕು ಸ್ವಾಹಿಲಿ. ಮಗ ಸೊಸೆ ಅವರವರೊಳಗೆ ಇಂಗ್ಲಿಷ್. ಬರೆಯುವುದಾದರೆ ಮಾತ್ರ ನನಗೆ ಕನ್ನಡ ಬಿಟ್ಟರೆ ಬೇರೆ ಇಲ್ಲ. ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ. ಆ ಮೇಲಿನ ಮನೆಯವರ ಹೆಸರು ಹಾಕುವುದಿಲ್ಲ. ಹಾಕಿದರೆ ಅವರ ಬಗ್ಗೆ ಬಾಯಿಗೆ ಬಂದ ಹಾಗೆ ಆಡಿದವರ ಹೆಸರೂ ಹಾಕಬೇಕಾಗುತ್ತದೆ, ಅವರಲ್ಲಿ ಅರ್ಧ ಜನ ನಮ್ಮ ಮನೆಯವರೇ. ಊರಿನ ಕಡೆ ಹಿಂದೂಗಳು ನಮ್ಮ ಕ್ರಿಸ್ತುವರ ಹೆಂಗಸರನ್ನು ಬಾಯಮ್ಮ ಅಂತ ಕರೆಯುವುದುಂಟಲ್ಲ, ನೈರೋಬಿಯ ನ್ಗಾರಾ ಬಡಾವಣೆಯ ನಮ್ಮ ಕಟ್ಟಡದಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ಗುಜರಾತಿಗಳೂ, ನೀರು ಬಿಡುವವನೂ, ನಾವೂ.

ಕುಳ್ಳಗೆ, ಗಟ್ಟಿಮುಟ್ಟು ಹೆಂಗಸು. ಸೀರೆಯ ಮೇಲೆ ಸೊಂಟಕ್ಕೆ ಇಲ್ಲಿಯವರ ಖಾಂಗಾ ಬಟ್ಟೆ ಬಿಗಿದು ಕಟ್ಟಿ ಮೆಟ್ಟಿಲು ಇಳಿದರೆ ಅದು ಯಾರು ಅಂತ ಹೆಜ್ಜೆಯ ಸದ್ದಿನಿಂದಲೇ ಒಳಗೆ ಕೂತು ಹೇಳಬಹುದಿತ್ತು. ಗಂಡ ಮೊಂಬಾಸಾ ಬಂದರಿನಲ್ಲಿ ಗುಮಾಸ್ತರಾಗಿದ್ದು, ವರ್ಗವಾಗಿ ನೈರೋಬಿಗೆ ಬಂದ ವರ್ಷವೇ ತೀರಿಕೊಂಡಿದ್ದರು. ಮಕ್ಕಳಿಲ್ಲ. ಊರಿನಿಂದ ಗಂಡನ ಅಣ್ಣ ಬಂದು, ಒಬ್ಬಳೇ ಈ ದೇಶದಲ್ಲಿ ಏನು ಮಾಡ್ತಿ, ಹೊರಡು ಅಂದರಂತೆ. ಬಾಯಮ್ಮ ಅವರಿಗೆ ಹೊಟ್ಟೆ ತುಂಬ ಊಟ ಹಾಕಿ, ಎಂಬಕಸಿಯ ವಿಮಾನ ನಿಲ್ದಾಣದವರೆಗೆ ಹೋಗಿ ಅವರನ್ನು ಮಾತ್ರ ಹತ್ತಿಸಿ ಬಂದರು. ಬರುವಾಗ ರಸ್ತೆ ಬದಿಯಲ್ಲಿ ಒಂದು ಕೆಂಪು ಕಾರ್ನೇಶನ್ ಹೂ ಕೊಂಡು ತಲೆಗೆ ಸಿಕ್ಕಿಸಿಕೊಂಡು ಬಂದರು. ಗಂಡ ಸತ್ತ ಮೇಲೆ ಹೂ ಮುಡಿಯುವುದು ನಮ್ಮಲ್ಲಿಯೂ ಇರಲಿಲ್ಲ. ಕ್ರಿಸ್ತುವರಾದರೂ ಇಂಥದ್ದನ್ನೆಲ್ಲ ನಾವು ಊರಿನಿಂದ ಕಟ್ಟಿಕೊಂಡೇ ಬಂದವರು. ಇಗರ್ಜಿಯಲ್ಲಿ ಯಾರೋ ಕೇಳಿದ್ದಕ್ಕೆ ಬಾಯಮ್ಮ, "ಹೂ ಮುಡಿಯಲಿಕ್ಕೆ ಕೂದಲು ಬೇಕು, ಗಂಡ ಯಾಕೆ?" ಅಂದರು. ಆ ಮಾತು ಇಡೀ ನ್ಗಾರಾ ಸುತ್ತಿ ಬಂತು. ಕೇಳಿ ಬೈದವರು ಬೈದರು. ನಾನು ಅಡುಗೆಮನೆಗೆ ಹೋಗಿ ನಕ್ಕೆ.

ಅವರು ಬದುಕಿದ್ದು ಮೀನಿನ ಪೈಯ ಮೇಲೆ. ಪೈ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಿಟ್ಟು ಲಟ್ಟಿಸಿ ತಟ್ಟೆಗೆ ಹಾಸಿ, ಒಳಗೆ ಬೇಯಿಸಿದ ಮಾಂಸವೋ ಮೀನೋ ತುಂಬಿ, ಮೇಲೆ ಇನ್ನೊಂದು ಹಿಟ್ಟಿನ ಮುಚ್ಚಳ ಹೊದೆಸಿ, ಸುತ್ತ ಅಂಚು ಒತ್ತಿ, ಕಾವಿನಲ್ಲಿ ಸುಡುವುದು. ಬ್ರಿಟಿಷರು ಹೋದ ಮೇಲೂ ಈ ದೇಶದಲ್ಲಿ ಪೈ ಉಳಿಯಿತು, ಬೇಕರಿಯಲ್ಲಿ ಮಾಂಸದ್ದು ಎಲ್ಲ ಕಡೆ ಸಿಗುತ್ತದೆ. ಮೀನಿನದ್ದು ಬೇಕಾದರೆ ಬಾಯಮ್ಮನ ಮನೆಗೇ ಬರಬೇಕು. ಅವರ ಹತ್ತಿರ ಓವನ್ ಇರಲಿಲ್ಲ. ಇದ್ದಲು ಒಲೆ, ಇಲ್ಲಿ ಜಿಕೊ ಅನ್ನುತ್ತಾರೆ, ಅದರ ಮೇಲೆ ದಪ್ಪ ಪಾತ್ರೆ, ಪಾತ್ರೆಯ ಮುಚ್ಚಳದ ಮೇಲೂ ಕೆಂಡ. ಕೆಳಗೂ ಕೆಂಡ, ಮೇಲೂ ಕೆಂಡ, ನಡುವೆ ಪೈ. ಊರಿನಲ್ಲಿ ನಮ್ಮ ಅಜ್ಜಿಯಂದಿರು ಕ್ರಿಸ್ಮಸ್ಸಿಗೆ ಕೇಕು ಸುಡುತ್ತಿದ್ದುದೂ ಹೀಗೆಯೇ.

ಒಂದೊಂದು ಪೈಗೆ ಒಂದೊಂದು ಊರು. ಇಂಗ್ಲಿಷರದ್ದು, ಹಾಲಿನಲ್ಲಿ ಬೇಯಿಸಿದ ಬಿಳಿ ಮೀನು, ಮೇಲೆ ಹಿಟ್ಟಿನ ಬದಲು ಅರೆದ ಬಟಾಟೆಯ ಮುಚ್ಚಳ. ಅದನ್ನು ಬಾಯಮ್ಮ ಆಸ್ಪತ್ರೆ ಪೈ ಅನ್ನುತ್ತಿದ್ದರು, ಹಲ್ಲಿಲ್ಲದವರಿಗೂ ಹೊಟ್ಟೆ ಕೆಟ್ಟವರಿಗೂ. ಗೋವಾದವರದ್ದು ಆಪ್ ಅಂತ. ನೆನೆಸಿದ ಅಕ್ಕಿಗೆ ತೆಂಗಿನಕಾಯಿ ಹಾಕಿ ಅರೆದು, ಕಳ್ಳು ಹಾಕಿ ಉಬ್ಬಿಸಿ, ಎರಡು ಪದರದ ನಡುವೆ ವಿನೆಗರು ಮೆಣಸು ಹಾಕಿದ ಸಿಗಡಿ. ಮೊಂಬಾಸಾದಲ್ಲಿ ಪಕ್ಕದ ಮನೆಯ ಗೋವಾದ ಮುದುಕಿ ಕಲಿಸಿದ್ದು. ನೈರೋಬಿಯಲ್ಲಿ ಕಳ್ಳು ಎಲ್ಲಿಂದ, ಯೀಸ್ಟ್ ಹಾಕಿ ಉಬ್ಬಿಸುತ್ತಿದ್ದರು, ಹಾಕುವಾಗೆಲ್ಲ ಯೀಸ್ಟಿಗೆ ಬೈಯುತ್ತಿದ್ದರು. ಇಲ್ಲಿಯ ಕೆರೆಯ ಟಿಲಾಪಿಯಾ ಮೀನಿಗೆ ಹುಣಸೆ ಹುಳಿ ಹಾಕಿ ಒಂದು. ನಮ್ಮವರು ಆ ಮೀನಿಗೆ ಕೆಸರು ವಾಸನೆ ಅಂತ ಮೂಗು ಮುರಿಯುತ್ತಿದ್ದರು. ಈ ದೇಶದ ಅನ್ನ ತಿಂತೀರಿ, ಮೀನು ಮಾತ್ರ ಮಂಗಳೂರಿನದ್ದೇ ಆಗಬೇಕಾ ಅಂತ ಬಾಯಮ್ಮ ಕೇಳುತ್ತಿದ್ದರು. ಬಾಣಂತಿಯರಿಗೆ ಮರಿ ಶಾರ್ಕಿನದ್ದು, ಕಾಳುಮೆಣಸು ಬೆಳ್ಳುಳ್ಳಿ ಹಾಕಿ. ಹಾಲು ಬರಲಿಕ್ಕೆ ಊರಿನಲ್ಲಿ ಅದನ್ನೇ ಅಲ್ಲವಾ ಕೊಡುವುದು. ಸಾರು ಮಾಡಿ ಕೊಡುವುದನ್ನು ಇವರು ಪೈ ಮಾಡಿದರು, ಅಷ್ಟೇ.

ಕೆಳಗಿನ ಮಾಳಿಗೆಯಲ್ಲಿದ್ದ ಗುಜರಾತಿಗಳು ಶುದ್ಧ ಸಸ್ಯಾಹಾರಿಗಳು. ಅವರ ಜೊತೆ ಒಂದು ಒಪ್ಪಂದ ಇತ್ತು. ಪಾತ್ರೆ ಇಡುವ ಮೊದಲು ಬಾಯಮ್ಮ ಬಾಲ್ಕನಿಗೆ ಬಂದು, ಸಮಾಕಿ, ಅಂದರೆ ಮೀನು, ಅಂತ ಕೂಗುವುದು. ಅವರು ಕಿಟಕಿ ಹಾಕಿಕೊಳ್ಳುವುದು. ಕೂಗು ಕೇಳಿ ಕಿಟಕಿ ಹಾಕುವವರು ಹಾಕಿದರೆ, ಬಾಗಿಲು ತೆರೆದು ಮೇಲೆ ಹತ್ತುವವರೂ ಇದ್ದರು.

ನನ್ನ ಸೊಸೆ ಮೊದಲ ಸಲ ಬಸುರಿಯಾದಾಗ ಏನು ತಿಂದರೂ ವಾಂತಿ. ನಾನು ಗಂಜಿ ಮಾಡಿದೆ, ಹೊರಗೆ ಬಂತು. ಹಾಲು, ಹಣ್ಣು, ಎಲ್ಲ ಹೊರಗೆ. ಬಾಯಮ್ಮ ಒಂದು ಸಂಜೆ ಆಸ್ಪತ್ರೆ ಪೈ ಒಂದು ತಟ್ಟೆ ತಂದು ಚಮಚ ಕೊಟ್ಟು ಎದುರು ಕೂತರು. ಅದು ಒಳಗೆ ನಿಂತಿತು. ಆಮೇಲೆ ಮೂರು ತಿಂಗಳು ಆ ಹುಡುಗಿ ಬದುಕಿದ್ದೇ ಅದರಲ್ಲಿ. ತಾಯಿ ಇಲ್ಲದ ಹುಡುಗಿ. ಹಾಗಾಗಿ ಏಳನೇ ತಿಂಗಳಲ್ಲಿ ಹೂ ಮುಡಿಸುವ ಕಾರ್ಯ, ಹಿಂದೂಗಳು ಸೀಮಂತ ಅನ್ನುವುದು, ನಮ್ಮ ಮನೆಯಲ್ಲಿ ಇಟ್ಟುಕೊಂಡಾಗ, ಮೊದಲು ಯಾರು ಮುಡಿಸುವುದು ಅಂತ ಹೆಂಗಸರು ಒಬ್ಬರನ್ನೊಬ್ಬರು ನೋಡುತ್ತಿದ್ದಾಗ, ಸೊಸೆ ತಾನಾಗಿಯೇ ಬಾಯಮ್ಮ ನೀವು ಬನ್ನಿ ಅಂದಳು. ಇಲ್ಲಿ ಹುಟ್ಟಿ ಬೆಳೆದವಳು, ಅವಳಿಗೆ ಈ ಲೆಕ್ಕಗಳೆಲ್ಲ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಾನು ಬೇಡ ಅನ್ನಲಿಲ್ಲ, ಅನ್ನಬೇಕು ಅಂತ ಅನ್ನಿಸಲೂ ಇಲ್ಲ. ಬಾಯಮ್ಮ ಖಾಂಗಾಕ್ಕೆ ಕೈ ಒರೆಸಿಕೊಂಡು ಬಂದು ಹೂ ಮುಡಿಸಿದರು. ಅವರೇ ತಂದ ಸಿಗಡಿಯ ಆಪನ್ನು ಎಲ್ಲರೂ ತಿಂದರು.

ನನ್ನ ಗಂಡನ ಅಕ್ಕ ಮಾತ್ರ ತಿನ್ನಲಿಲ್ಲ. ಅವರ ಬಗ್ಗೆ ಹೇಳಬೇಕು. ಲ್ಯಾವಿಂಗ್ಟನ್ನಿನಲ್ಲಿ ಗೇಟು, ನಾಯಿ, ಅಸ್ಕಾರಿ ಕಾವಲು ಎಲ್ಲ ಇರುವ ಮನೆ ಅವರದ್ದು. ಕೆಟ್ಟವರಲ್ಲ. ನಾವು ಈ ದೇಶಕ್ಕೆ ಬಂದು ಇಳಿದಾಗ ಮನೆ ಸಿಗುವವರೆಗೆ ಇದ್ದದ್ದು ಅವರಲ್ಲಿಯೇ, ಒಂದು ದಿನ ಮುಖ ಸಣ್ಣ ಮಾಡಿದವರಲ್ಲ. ಆದರೆ ಯಾವ ಕೆಲಸ ಯಾರು ಮಾಡಬೇಕು, ಯಾರು ಮಾಡಬಾರದು ಅನ್ನುವುದರಲ್ಲಿ ಅವರಿಗೆ ಪಾದ್ರಿಗಿಂತ ಹೆಚ್ಚು ಗೊತ್ತು. ಅವತ್ತು ಅಕ್ಕ ತಟ್ಟೆ ಕೆಳಗಿಟ್ಟು ನನ್ನನ್ನು ನೋಡಿದ ನೋಟ ನನಗೆ ಈಗಲೂ ಕಾಣುತ್ತದೆ.

ಎಂಟನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ಹೋಯಿತು.

ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಡಾಕ್ಟರು ಕಾರಣ ಹೇಳಿದರು, ರಕ್ತದ ಒತ್ತಡ ಏರಿದ್ದು ಅಂತ. ಆದರೆ ನಮ್ಮವರಿಗೆ ಕಾರಣ ಆಗಲೇ ಸಿಕ್ಕಿಯಾಗಿತ್ತು, ಡಾಕ್ಟರದ್ದು ಯಾರಿಗೂ ಬೇಕಾಗಿರಲಿಲ್ಲ. ವಿಧವೆಯ ಕೈ ಅಂದರು ಕೆಲವರು. ಸಿಗಡಿ ನಂಜು, ಬಸುರಿಗೆ ಅದನ್ನು ಯಾರಾದರೂ ಕೊಡ್ತಾರಾ ಅಂದರು ಇನ್ನು ಕೆಲವರು. ಇಗರ್ಜಿಯ ಮೆಟ್ಟಿಲ ಮೇಲೆ ಇದೇ ಮಾತು. ಒಂದು ಭಾನುವಾರ ಪೂಜೆ ಮುಗಿದ ಮೇಲೆ ಬಾಯಮ್ಮ ಆ ಗುಂಪಿನ ನಡುವೆಯೇ ಹೋಗಿ ನಿಂತರು. ಗಂಟಲು ಎತ್ತರಿಸಲಿಲ್ಲ. ನಾನು ಪಕ್ಕದಲ್ಲಿದ್ದೆ.

"ಮೊದಲು ನೀವೆಲ್ಲ ಒಂದು ತೀರ್ಮಾನಕ್ಕೆ ಬನ್ನಿ," ಅಂದರು. "ಕೈಯೋ, ಸಿಗಡಿಯೋ? ಸಿಗಡಿ ಆದರೆ ನಾನು ಬೇರೆ ಮೀನು ಹಾಕ್ತೇನೆ. ಕೈ ಆದರೆ ಕಷ್ಟ. ನನ್ನ ಹತ್ತಿರ ಇರುವುದು ಇವೇ ಎರಡು."

ಎರಡೂ ಕೈ ಮುಂದೆ ಚಾಚಿ ತೋರಿಸಿದರು. ಕೆಂಡ ತಾಗಿ ತಾಗಿ ಬೆರಳ ತುದಿಯೆಲ್ಲ ಗಟ್ಟಿಯಾಗಿದ್ದ ಕೈ. ಬಾಯಮ್ಮ ಒಬ್ಬೊಬ್ಬರ ಮುಖ ನೋಡಿ, ಸರಿ ಮುಂದಿನ ವಾರ ಹೇಳಿ ಅಂತ ಹೇಳಿ, ನನ್ನ ತೋಳು ಹಿಡಿದುಕೊಂಡು ಹೊರಟರು.

ದಾರಿಯಲ್ಲಿ ನನ್ನ ತೋಳು ಬಿಟ್ಟು, ಆ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಅದನ್ನು ನೋಡಿದ್ದು ನಾನೊಬ್ಬಳೇ.

ಆಮೇಲೆ ಒಂದು ವಿಚಿತ್ರ ಆಯಿತು. ಬಾಯಮ್ಮನ ಪೈ ಜನ ಬಿಡಲಿಲ್ಲ, ರುಚಿ ಬಿಡಬೇಕಲ್ಲ. ಆದರೆ ಹುಟ್ಟಿದ ಹಬ್ಬಕ್ಕೆ, ನಿಶ್ಚಿತಾರ್ಥಕ್ಕೆ, ಮದುವೆಗೆ ಹೇಳುವುದು ನಿಲ್ಲಿಸಿದರು. ತಪಸ್ಸಿನ ಕಾಲದ ಶುಕ್ರವಾರಗಳಿಗೆ, ಮಾಂಸ ತಿನ್ನದ ದಿನಗಳಿಗೆ ಹೇಳುತ್ತಿದ್ದರು. ಸಾವಿನ ಮನೆಗೆ ಹೇಳುತ್ತಿದ್ದರು. ಅಲ್ಲಿಗೆ ವಿಧವೆಯ ಕೈ ನಡೆಯುತ್ತದೆ. ಬಾಯಮ್ಮ ಸಾವಿನ ಮನೆಗೆ ಯಾವತ್ತೂ ಇಲ್ಲ ಅನ್ನಲಿಲ್ಲ. ಅತ್ತವರಿಗೆ ಹಸಿವು ಜಾಸ್ತಿ ಅನ್ನುತ್ತಿದ್ದರು. ಆದರೆ ಸಾವಿನ ಮನೆ ಒಂದೇ ಸಾಕು ಅಂತ ಕುಳಿತುಕೊಳ್ಳುವ ಜನ ಅವರಲ್ಲ.

ಮುಂದಿನ ವರ್ಷ ಅಕ್ಕನ ಮಗಳ ಮಗುವಿಗೆ ನಾಮಕರಣ. ಇಡೀ ಇಗರ್ಜಿಗೇ ಕರೆ ಇತ್ತು, ಬಾಯಮ್ಮನಿಗೂ ಇತ್ತು. ಬರಲಿಕ್ಕಿಲ್ಲ ಅಂತ ಅಕ್ಕ ಎಣಿಸಿರಬೇಕು. ಬಾಯಮ್ಮ ಎರಡು ದಿನ ಮೊದಲೇ ಮೊಂಬಾಸಾದಿಂದ ಬೂತಾಯಿ ಮೀನು ತರಿಸಲಿಕ್ಕೆ ನನ್ನ ಮಗನಿಗೆ ಹೇಳಿದರು. ಅವನು ಎಂಬಕಸಿಯಲ್ಲಿ ಸಾಮಾನು ಸಾಗಿಸುವ ಕಂಪೆನಿಯಲ್ಲಿದ್ದಾನೆ, ಲಾರಿಯವರೆಲ್ಲ ಪರಿಚಯ. ಐಸಿನಲ್ಲಿ ಮೀನು ಬಂತು. ಅವತ್ತು ಅವರು ಮಾಡಿದ್ದು ತಲೆ ಪೈ.

ಅದು ಇಂಗ್ಲೆಂಡಿನ ಯಾವುದೋ ಸಮುದ್ರ ದಂಡೆಯ ಊರಿನದ್ದಂತೆ. ಮೊಂಬಾಸಾದಲ್ಲಿ ಒಬ್ಬಳು ನರ್ಸು ಹೇಳಿಕೊಟ್ಟದ್ದು. ಇಡೀ ಇಡೀ ಬೂತಾಯಿಯನ್ನು ಸುತ್ತ ನಿಲ್ಲಿಸಿ, ಮುಚ್ಚಳದಲ್ಲಿ ತೂತು ಮಾಡಿ, ತಲೆ ಮಾತ್ರ ಹೊರಗೆ ಬರುವ ಹಾಗೆ ಸುಡುವುದು. ಬೆಂದಾಗ ಮೀನುಗಳೆಲ್ಲ ಹಿಟ್ಟಿನ ಹೊದಿಕೆ ಹೊದ್ದು ಆಕಾಶ ನೋಡುತ್ತಾ ಮಲಗಿದ ಹಾಗೆ ಕಾಣುತ್ತವೆ. ತಲೆ ಹೊರಗಿದ್ದರೆ ಎಣ್ಣೆ ಒಳಗೆ ಇಳಿಯುತ್ತದೆ, ರುಚಿ ಅಂತ ಆ ನರ್ಸು ಹೇಳಿದ್ದಳಂತೆ. ಬಾಯಮ್ಮನ ಕಾರಣ ಬೇರೆ. ತಿನ್ನುವವರಿಗೆ ತಾವು ಯಾರನ್ನು ತಿಂತಿದ್ದೇವೆ ಅಂತ ಗೊತ್ತಿರಬೇಕು ಅನ್ನುತ್ತಿದ್ದರು.

ಮಟಾಟುವಿನಲ್ಲಿ ಬಾಯಮ್ಮ ಪೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿದ್ದ ಮನುಷ್ಯ ಬಹಳ ಹೊತ್ತು ಅದನ್ನೇ ನೋಡಿ, ಮಾಮಾ, ಅಂದರೆ ಅಮ್ಮಾ, ಇವೆಲ್ಲ ಎಲ್ಲಿಗೆ ನೋಡ್ತಿವೆ ಅಂತ ಸ್ವಾಹಿಲಿಯಲ್ಲಿ ಕೇಳಿದ. ಲ್ಯಾವಿಂಗ್ಟನ್ನಿಗೆ, ನಾಮಕರಣ ಉಂಟು, ಅಂದರು ಬಾಯಮ್ಮ. ಅವನು ತಲೆಯಾಡಿಸಿ, ಸವಾ, ಸರಿ, ಇವಕ್ಕೂ ಕರೆ ಕೊಟ್ಟಿದ್ದಾರೆ, ಒಳ್ಳೆ ಜನ ಅಂದ. ಇಡೀ ಗಾಡಿ ನಕ್ಕಿತು.

ಅಕ್ಕ ಬಾಗಿಲಲ್ಲಿ ಪೈ ತೆಗೆದುಕೊಂಡರು, ನಕ್ಕರು, ಒಳಗೆ ಕೊಂಡುಹೋದರು. ಊಟ ಸುರುವಾಯಿತು. ಎಲ್ಲವೂ ಮೇಜಿಗೆ ಬಂತು, ಪೈ ಬರಲಿಲ್ಲ. ನಾನು ಅಡುಗೆಮನೆಗೆ ಇಣುಕಿದೆ. ಫ್ರಿಜ್ಜಿನ ಮೇಲೆ, ಪೇಪರು ಮುಚ್ಚಿ ಇಟ್ಟಿದ್ದರು. ನನ್ನ ಹಿಂದೆಯೇ ಬಾಯಮ್ಮ ಬಂದಿದ್ದರು, ಅವರ ಹಿಂದೆ ಅಕ್ಕ.

"ಇವತ್ತು ಬೇಡ ಬಾಯಮ್ಮ," ಅಂದರು ಅಕ್ಕ, ಮೆಲ್ಲಗೆ. "ಮಗುವಿನ ಕಾರ್ಯ ಅಲ್ಲವಾ. ನಾಳೆ ನಾವೇ ತಿಂತೇವೆ."

"ಮೀನು ನಾಳೆವರೆಗೆ ಕಾಯುವುದಿಲ್ಲ," ಅಂದರು ಬಾಯಮ್ಮ.

ಪೈ ಎತ್ತಿಕೊಂಡು, ಜನರ ನಡುವೆಯೇ ನಡೆದು, ಅಂಗಳ ದಾಟಿ ಗೇಟಿನ ಹತ್ತಿರ ಹೋದರು. ಅಲ್ಲಿ ನೇರಳೆ ಹೂವಿನ ಜಕರಂಡಾ ಮರದ ಕೆಳಗೆ ಅಸ್ಕಾರಿ, ಅತಿಥಿಗಳ ಡ್ರೈವರುಗಳು, ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರು ಕೂತಿದ್ದರು. ಅವರ ನಡುವೆ ಹುಲ್ಲಿನ ಮೇಲೆ ಕೂತು ಪೈ ಕೊಯ್ದರು. ನಾನು ಏನು ಮಾಡಬೇಕು ಅಂತ ಯೋಚನೆ ಮಾಡಲಿಲ್ಲ, ಹೋಗಿ ಕೂತೆ. ಒಳ್ಳೆ ಸೀರೆ, ಹುಲ್ಲಿನ ಕಲೆ ಇವತ್ತಿಗೂ ಹೋಗಿಲ್ಲ. ಸ್ವಲ್ಪ ಹೊತ್ತಿಗೆ ಮೀನಿನ ತಲೆ ನೋಡಲಿಕ್ಕೆ ಮಕ್ಕಳು ಓಡಿ ಬಂದವು. ಮಕ್ಕಳನ್ನು ಕರೆಯಲಿಕ್ಕೆ ತಾಯಂದಿರು ಬಂದರು. ತಾಯಂದಿರನ್ನು ಹುಡುಕಿಕೊಂಡು ಗಂಡಂದಿರು. ನನ್ನ ಗಂಡ ಅಕ್ಕನ ಮುಖ ನೋಡದೆ ಬಂದು ಎರಡು ತುಂಡು ತಿಂದರು. ಕೊನೆಗೆ ಮನೆಯ ಒಳಗೆ ಅಕ್ಕ ಮತ್ತು ಕೇಕು ಮಾತ್ರ ಉಳಿದಿದ್ದು.

ಮಾರನೇ ದಿನ ನಾನು ಮೇಲೆ ಹೋದೆ. ಬಾಯಮ್ಮ ಹಿಟ್ಟಿನ ಅಂಚು ಒತ್ತುತ್ತಾ ಕೂತಿದ್ದರು. ಗೆದ್ದಿರಿ ಬಾಯಮ್ಮ ಅಂದೆ. ಅವರು ತಲೆ ಎತ್ತಲಿಲ್ಲ. ಎಂಥ ಗೆಲ್ಲುವುದು, ಹಸಿವಾಗಿತ್ತು ತಿಂದರು ಅಂದರು. ಆಮೇಲೆ ನಾನು ಸಮಾಧಾನಕ್ಕೆ ಒಂದು ಮಾತು ಹೇಳಿದೆ. ನನ್ನ ಸೊಸೆಗೆ ಇನ್ನೊಂದು ಮಗು ಆಗಲಿ, ಆಗಲೂ ನಿಮ್ಮ ಕೈಯಿಂದಲೇ ಹೂ ಮುಡಿಸ್ತೇನೆ, ಮಗು ಗುಂಡುಕಲ್ಲಿನ ಹಾಗೆ ಹುಟ್ತದೆ, ಆಗ ಎಲ್ಲರ ಬಾಯಿ ಮುಚ್ತದೆ ಅಂತ.

ಅವರು ಒತ್ತುವುದನ್ನು ನಿಲ್ಲಿಸಿದರು.

"ಹಾಗೆ ಮಾತ್ರ ಹೇಳಬೇಡ," ಅಂದರು. "ಮಗು ಉಳಿದದ್ದು ನನ್ನ ಕೈಯಿಂದ ಅಂತ ನೀನು ಹೇಳಿದರೆ, ಹೋದದ್ದೂ ನನ್ನ ಕೈಯಿಂದಲೇ ಅಂತ ಆಯ್ತಲ್ಲ. ಒಳ್ಳೆ ಕೈ ಅಂತ ಒಂದಿದ್ದರೆ ಕೆಟ್ಟ ಕೈ ಅಂತ ಇನ್ನೊಂದು ಇದ್ದೇ ಇರ್ತದೆ. ನನಗೆ ಎರಡೂ ಬೇಡ."

ನನಗೆ ಅದು ಪೂರ್ತಿ ಅರ್ಥ ಆಗಲಿಕ್ಕೆ ವರ್ಷಗಳೇ ಬೇಕಾದವು. ಅವತ್ತು ತಲೆಯಾಡಿಸಿ ಬಂದೆ.

ಬಾಯಮ್ಮ ತೀರಿಕೊಂಡದ್ದು ಒಂದು ಮಳೆಗಾಲದಲ್ಲಿ, ಎದೆಗೆ ಕಫ ಕಟ್ಟಿ. ಕೊನೆಯ ವಾರದವರೆಗೆ ಪೈ ಮಾಡುತ್ತಿದ್ದರು. ಮಣ್ಣಿಗೆ ಇಟ್ಟು ಬಂದು ಅವರ ಮನೆಯಲ್ಲಿ ಎಲ್ಲರೂ ಕೂತೆವು. ಸಾವಿನ ಮನೆಯ ಪೈ ತರುವವರು ಯಾರೂ ಇಲ್ಲ ಅಂತ ಆಗಲೇ ಎಲ್ಲರಿಗೂ ಗೊತ್ತಾದದ್ದು. ನಾನು ಎದ್ದು ಅವರ ಜಿಕೊಗೆ ಕೆಂಡ ಹಾಕಿದೆ. ಬದುಕಿನಲ್ಲಿ ಮಾಡಿದ ಮೊದಲ ಪೈ. ಮೇಲಿನ ಕೆಂಡ ಜಾಸ್ತಿಯಾಗಿ ಮುಚ್ಚಳ ಹಂಚಿನ ಹಾಗೆ ಆಯಿತು, ಕೆಳಗೆ ಹಸಿ. ಆದರೂ ಎಲ್ಲರೂ ತಿಂದರು. ಕೆಳಗಿನ ಗುಜರಾತಿ ಹೆಂಗಸು ಮೇಲೆ ಬಂದು ಬಾಗಿಲಲ್ಲಿ ನಿಂತು, ಇವತ್ತು ಯಾರೂ ಕೂಗಲಿಲ್ಲ, ನಾನು ಕಿಟಕಿ ಹಾಕಲಿಲ್ಲ ಅಂತ ಹೇಳಿ ಅತ್ತಳು.

ಮುಂದಿನ ವರ್ಷ ನನ್ನ ಗಂಡನೂ ಹೋದರು. ಹೀಗೆ ನಾನೂ ವಿಧವೆಯಾದೆ. ಅದಾಗಿ ಒಂದು ವರ್ಷ ಕಳೆದ ಮೇಲೆ ಸೊಸೆ ಮತ್ತೆ ಬಸುರಿ.

ಈ ಸಲ ಅಕ್ಕ ತಾವಾಗಿಯೇ ಬಂದರು. ಹೋ ಹೋ ಅಂತ ಖುಷಿ ಅವರಿಗೆ, ಸುಳ್ಳು ಖುಷಿ ಅಲ್ಲ. ಮೊದಲ ಸಲ ಕೆಟ್ಟುಹೋಯಿತು, ಈ ಸಲ ಏಳನೇ ತಿಂಗಳ ಹೂವನ್ನು ಸರಿಯಾಗಿ ಮಾಡುವ ಅಂದರು. ಸರಿಯಾಗಿ ಅಂದರೆ ಏನು ಅಂತ ನಾನು ಕೇಳಲಿಲ್ಲ. ಮೊದಲ ಹೂ ಮುಡಿಸಲಿಕ್ಕೆ ಐದು ಮಕ್ಕಳ, ಗಂಡ ಇರುವ ಒಬ್ಬ ಹೆಂಗಸನ್ನೂ ಅವರೇ ಗೊತ್ತುಮಾಡಿದ್ದರು. ಆ ದಿನ ನಾನು ಎಲ್ಲಿ ನಿಲ್ಲಬೇಕು ಅಂತಲೂ ಹೇಳಿದರು. ಅಡುಗೆಮನೆಯಲ್ಲಿ ತುಂಬ ಕೆಲಸ ಇರ್ತದೆ ಅಲ್ಲವಾ, ಅಂದರು. ಅಷ್ಟೇ ಹೇಳಿದ್ದು. ಬಾಯಮ್ಮನಿಗೆ ಹೇಳಿದ್ದಕ್ಕಿಂತಲೂ ಮೆಲ್ಲಗೆ.

ಆ ದಿನ ಬಂತು. ಸೊಸೆ ಕುರ್ಚಿಯಲ್ಲಿ ಕೂತಿದ್ದಳು. ನಾನು ಅಡುಗೆಮನೆಯ ಬಾಗಿಲಲ್ಲಿ. ಇಲ್ಲಿ ಮಲ್ಲಿಗೆ ಸಿಗುವುದು ಕಷ್ಟ, ಬಿಳಿ ಕಾರ್ನೇಶನ್ನನ್ನು ನಾನೇ ನೂಲಿನಲ್ಲಿ ಕಟ್ಟಿ ತಟ್ಟೆಯಲ್ಲಿ ಇಟ್ಟಿದ್ದೆ. ಅಕ್ಕ ಆ ಹೆಂಗಸನ್ನು ಮುಂದೆ ಕರೆದರು. ಸೊಸೆ ತಲೆ ಹಿಂದಕ್ಕೆ ಸರಿಸಿಕೊಂಡಳು. ಈಗ ಅವಳಿಗೆ ಎಲ್ಲ ಲೆಕ್ಕವೂ ಗೊತ್ತಿತ್ತು. ಮಗು ಕಳೆದುಕೊಂಡು, ಇಗರ್ಜಿಯ ಮೆಟ್ಟಿಲಲ್ಲಿ ಎಲ್ಲ ಕೇಳಿಸಿಕೊಂಡು, ಕಲಿತಿದ್ದಳು.

"ಮಾಂಯ್," ಅಂತ ನನ್ನನ್ನು ಕರೆದಳು. "ನೀವು ಬನ್ನಿ."

ಅಕ್ಕ ಸೊಸೆಯ ಕಿವಿಯಲ್ಲಿ ಏನೋ ಹೇಳಿದರು. ಮಗನ ಮುಖ ಬಿಳಿಯಾಯಿತು. ಸತ್ಯ ಹೇಳುತ್ತೇನೆ, ಒಂದು ಗಳಿಗೆ ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೇ ಇದ್ದೆ. ಮಗು ನನ್ನದಲ್ಲ, ಅವಳದ್ದು. ಏನಾದರೂ ಆದರೆ ಅವಳು ಹೊರಬೇಕು. ಆದರೆ ಕರೆದವಳು ಅವಳೇ. ಹೋದೆ. ಸೆರಗಿಗೆ ಕೈ ಒರೆಸಿಕೊಂಡು ಮುಡಿಸಿದೆ. ಬಲಕ್ಕೆ ಸ್ವಲ್ಪ ವಾಲಿತು, ತೆಗೆದು ಮತ್ತೆ ಸರಿಮಾಡಿದೆ. ಹೌದು, ಎರಡು ಸಲ ಮುಡಿಸಿದೆ, ಏನೀಗ?

ಧೈರ್ಯ ಅನ್ನುವುದು ಆ ಹೊತ್ತಿಗೆ ಇತ್ತು. ಆಮೇಲೆ ಇರಲಿಲ್ಲ. ಮಗು ಒದೆಯಿತಾ ಅಂತ ಕೇಳಲಿಕ್ಕೆ ಭಯ, ಕೇಳದಿರಲಿಕ್ಕೂ ಭಯ. ಎಂಟನೇ ತಿಂಗಳು ಕಳೆಯುವವರೆಗೆ ಸೊಸೆ ಬಟ್ಟಲು ಕೆಳಗಿಟ್ಟ ಸದ್ದಿಗೂ ನಾನು ಎದ್ದು ಹೋಗಿ ನೋಡುತ್ತಿದ್ದೆ. ಆದರೆ ಒಂದು ನಿಶ್ಚಯ ಮಾಡಿಕೊಂಡಿದ್ದೆ. ಏನೇ ಆಗಲಿ, ಆದದ್ದು ಹೂವಿನಿಂದ ಅಂತ ನನ್ನ ಬಾಯಿಂದ ಬರಬಾರದು. ಡಾಕ್ಟರು ವಾರ ವಾರ ಒತ್ತಡ ನೋಡಿದರು, ಮಾತ್ರೆ ಕೊಟ್ಟರು, ಸೊಸೆ ಉಪ್ಪು ಬಿಟ್ಟಳು. ಮಗುವನ್ನು ಉಳಿಸಿದ್ದು ಅದು. ಅದನ್ನೂ ಬರೆದಿಡುತ್ತೇನೆ.

ಈಗ ಇವತ್ತಿನ ಸಂಜೆ. ಬಾಣಂತಿಗೆ ಅಂತ ಮರಿ ಶಾರ್ಕಿನ ಪೈ ಮಾಡಿದೆ. ಈಗ ನನ್ನ ಮುಚ್ಚಳ ಹಂಚಿನ ಹಾಗೆ ಆಗುವುದಿಲ್ಲ, ಕೈ ಪಳಗಿದೆ. ಉಳಿದವರಿಗೆ ಟಿಲಾಪಿಯಾದ್ದು. ಲ್ಯಾವಿಂಗ್ಟನ್ನಿನಿಂದ ಅಕ್ಕ, ಅವರ ಮಗ, ಮಗನ ಹೆಂಡತಿ ಬಂದರು. ಆ ಹುಡುಗಿಗೂ ಈಗ ಐದನೇ ತಿಂಗಳು. ಬಾಣಂತಿಯನ್ನು ಒಳಗಿನ ಕೋಣೆಯಲ್ಲಿ ಕೂರಿಸಿ ಬೇರೆ ಬಡಿಸುವುದು ನಮ್ಮ ರೂಢಿ. ಸೊಸೆ ಮಾತ್ರ ನೇರ ಬಂದು ಮೇಜಿನ ಹತ್ತಿರ ಎಲ್ಲರ ಜೊತೆ ಕೂತಳು. ಅಕ್ಕ ಏನಾದರೂ ಹೇಳಬಹುದು ಅಂತ ಕಾದೆ. ಹೇಳಲಿಲ್ಲ. ಅವರ ಕಣ್ಣು ಮಗುವಿನ ಮೇಲೆಯೇ ಇತ್ತು. ತಮ್ಮನ ಮೂಗು ಅಂತ ಹೇಳಿ ಕಣ್ಣು ಒರೆಸಿಕೊಂಡರು. ಆಮೇಲೆ ನನ್ನ ಕೈ ಹಿಡಿದರು.

"ನಾನು ತಪ್ಪು ಎಣಿಸಿದ್ದೆ ಮಾರಾಯ್ತಿ," ಅಂದರು. "ನಿನ್ನ ಕೈಗುಣ ದೊಡ್ಡದು. ನನ್ನ ಸೊಸೆಗೂ ಏಳನೇ ತಿಂಗಳಲ್ಲಿ ನೀನೇ ಬಂದು ಮೊದಲ ಹೂ ಮುಡಿಸಬೇಕು. ನಿನ್ನ ಕೈಯಿಂದಲೇ ಆಗಬೇಕು."

ಇಷ್ಟು ವರ್ಷ ಈ ಮಾತಿಗೆ ನಾನು ಕಾದಿದ್ದೆ. ಬಾಯಮ್ಮನಿಗೆ ಸಿಗದ ಮಾತು. ಸಕ್ಕರೆಯ ಹಾಗಿತ್ತು. ಸುಮ್ಮನೆ ಹೂಂ ಅಂದಿದ್ದರೆ ನಾಳೆ ಇಡೀ ನ್ಗಾರಾದಲ್ಲಿ ನನ್ನ ಕೈಯದ್ದೇ ಸುದ್ದಿ.

"ಬರ್ತೇನೆ ಅಕ್ಕ," ಅಂದೆ. "ಹೂವನ್ನೂ ಕಟ್ಟಿ ತರ್ತೇನೆ. ಆದರೆ ನನ್ನ ಕೈಯಲ್ಲಿ ಏನೂ ಇಲ್ಲ. ಬಾಯಮ್ಮನ ಕೈಯಲ್ಲಿಯೂ ಏನೂ ಇರಲಿಲ್ಲ. ಅಷ್ಟು ಒಪ್ಪುವುದಾದರೆ ಕರೆಯಿರಿ."

ಅಕ್ಕ ನನ್ನ ಕೈ ಬಿಡಲಿಲ್ಲ. ಬಿಡ್ತಾರೆ ಅಂತ ಎಣಿಸಿದ್ದೆ. ಆಮೇಲೆ ಅವರ ಬಸುರಿ ಸೊಸೆಯೇ ನಕ್ಕು, ಮೊದಲ ಹೂ ಯಾರದ್ದಾದರೂ ಆಗಲಿ, ಹಸಿವಾಗ್ತಾ ಉಂಟು, ಪೈ ಕೊಯ್ಯಿರಿ ಅಂದಳು. ಕೊಯ್ದೆ. ಅಕ್ಕನ ತಟ್ಟೆಗೂ ಹಾಕಿದೆ. ಅವರು ಒಂದು ತುತ್ತು ಬಾಯಿಗಿಟ್ಟು, ಅಗಿದು, ಹುಳಿ ಸ್ವಲ್ಪ ಕಡಿಮೆ ಅಂದರು. ಕಡಿಮೆಯೇ ಆಗಿತ್ತು.

ಎಲ್ಲರೂ ಕೈ ಹಾಕಿ ತಿನ್ನುತ್ತಿದ್ದಾಗ ಒಳಗೆ ಮಲಗಿಸಿದ್ದ ಮಗುವಿನ ಹಾರನ್ನು ಸುರುವಾಯಿತು. ಎಲ್ಲರ ಬಲಗೈಯೂ ಮೊಣಕೈಯವರೆಗೆ ಮೀನು. ಏಳುವವರು ಯಾರು? ಅಕ್ಕನೇ ಎದ್ದು ಹೋಗಿ, ಎಡಗೈಯಲ್ಲಿ ಮಗುವನ್ನು ಎದೆಗೆ ಒತ್ತಿಕೊಂಡು ಬಂದು ಕೂತು, ಬಲಗೈಯಲ್ಲಿ ತಿನ್ನತೊಡಗಿದರು. ಸ್ವಲ್ಪ ಹೊತ್ತಿಗೆ ಸೋತು ಪಕ್ಕದವರಿಗೆ ಕೊಟ್ಟರು. ಅವರು ತಮ್ಮ ಪಕ್ಕದವರ ಎಡಗೈಗೆ, ಅವರಿಂದ ನನ್ನ ಮಗನ ಎಡಗೈಗೆ, ಅವನಿಂದ ನನಗೆ. ನಾನು ಒಂದು ಕೈಯಲ್ಲಿ ಮೊಮ್ಮಗಳನ್ನು ಹಿಡಿದುಕೊಂಡು ತಟ್ಟೆಯಲ್ಲಿ ಉಳಿದಿದ್ದ ಮುಚ್ಚಳದ ಚೂರನ್ನು ಒರೆಸಿ ತಿಂದೆ. ಅವಳು ಸುಮ್ಮನಾಗಿ ಎಲ್ಲರ ಬಾಯಿ ನೋಡುತ್ತಿದ್ದಳು.